ಬೇಚಿರಾಕು

ಕಾವೇರಿಯ ದಡದ ಸಾಲಿಗ್ರಾಮದ ಸೀಮೆಯೇ ಆಗಲಿ, ಮೈಸೂರು ನಾಡಿನ ಮತ್ತಾವ ಹೋಬಳಿಯೇ ಆಗಲಿ, ಕಂದಾಯದ ಲೆಕ್ಕಪತ್ರ ಬಲ್ಲ ರೈತನಿಗೆ ‘ಬೇಚಿರಾಕು ಗ್ರಾಮ’ವೆಂಬ ಮಾತು ಹೊಸತಲ್ಲ. ಪದವು ಪಾರಸಿಯಿಂದ ಬಂದುದು. ‘ಚಿರಾಗ್’ ಎಂದರೆ ದೀಪ. ‘ಬೇ’ ಎಂದರೆ ಇಲ್ಲದ. ದೀಪವಿಲ್ಲದ ಊರೇ ಬೇಚಿರಾಕು.

ಇಂತಹ ಊರಿಗೆ ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಂಟು. ನೆರೆಯೂರಿನವರು ಅಲ್ಲಿಯ ಹೊಲವನ್ನು ಉತ್ತು ಬೆಳೆಯುವುದೂ ಉಂಟು. ಇಲ್ಲದಿರುವುದೊಂದೇ: ಸಂಜೆಗೆ ಸೊಡರು ಹಚ್ಚುವ ಕೈ. ಅದಿಲ್ಲವಾಗಿ ಮಿಕ್ಕುದೆಲ್ಲವಿದ್ದೂ ಅದು ಊರೆನಿಸದು.

ಗೃಹಸ್ಥನು ಈ ಪದವನ್ನು ತನ್ನ ಮನೆಗೂ ಅನ್ವಯಿಸಿ ನೋಡಬೇಕು. ಒಂದೇ ಸೂರಿನಡಿ ಅಣ್ಣತಮ್ಮಂದಿರು ಮಾತು ಬಿಟ್ಟಿರಲು, ವೃದ್ಧ ತಾಯಿ ಕೇಳುವವರಿಲ್ಲದೆ ಮೂಲೆಯಲ್ಲಿ ಕುಳಿತಿರಲು, ಹಸಿದು ಬಂದವನು ಬಾಗಿಲಿನಿಂದಲೇ ಹಿಂದಿರುಗುತ್ತಿರಲು, ಪೂಜೆಯ ಮನೆಯಲ್ಲಿ ಉರಿಯುವ ದೀಪವು ಯಾರಿಗೆ ಬೆಳಕು? ವಿದ್ಯುದ್ದೀಪಗಳು ಎಷ್ಟೇ ಬೆಳಗಲಿ, ಆ ಮನೆ ಬೇಚಿರಾಕು. ಅರಿವು, ಆಚಾರ, ದಾಸೋಹಗಳೇ ಬಾಳಿನ ಎಣ್ಣೆ, ಬತ್ತಿ, ಬೆಳಕು.

12ನೆಯ ಶತಮಾನದಲ್ಲಿ ಕಲ್ಯಾಣವು ಕಲಕಿದಾಗ ಶರಣರು ಚದುರಿದರು. ಚೆನ್ನಬಸವಣ್ಣನವರು ಸೇರಿದುದು ಸಹ್ಯಾದ್ರಿಯ ದಟ್ಟಡವಿಯ ಉಳವಿಯನ್ನು. ಬಾಳಲಾಗದೆಂಬ ಕಾಡು ಅವರಿಂದ ಕ್ಷೇತ್ರವಾಯಿತು. ಇಂದಿಗೂ ಭಕ್ತರು ಬಂಡಿ ಕಟ್ಟಿಕೊಂಡು ಅಲ್ಲಿಗೆ ಜಾತ್ರೆಗೆ ಹೋಗುವರು. ಸ್ಥಳವು ತನ್ನಷ್ಟಕ್ಕೆ ಹಾಳಲ್ಲ, ಪಾವನವೂ ಅಲ್ಲ. ಅಲ್ಲಿ ಬಾಳುವವರ ನಡೆಯಿಂದ ಎರಡೂ ಆಗುವುದು.

ಆದುದರಿಂದ ಭಕ್ತನಾದವನು ಈ ಸಂಜೆ ದೀಪ ಹಚ್ಚುವ ಮುನ್ನ, ಮಾತು ಬಿಟ್ಟ ತಮ್ಮನನ್ನು ಊಟಕ್ಕೆ ಕರೆಯಲಿ. ಲಿಂಗವು ಮೆಚ್ಚುವ ಬೆಳಕು ಅದೇ.