ಕೂದಲೆಳೆಯ ತೆರಪು

ಮರ ಕೊಯ್ಯುವ ಮಿಷನ್ನು ಸ್ಟಾರ್ಟ್ ಆಗಿ, ರೇಸ್ ಇಲ್ಲದೆ ನೆಲದ ಮೇಲೆ ಗುರುಗುಡುತ್ತ ಕೂತಿರುವಾಗ ಒಳಗಿನ ಕ್ರ್ಯಾಂಕು ನಿಮಿಷಕ್ಕೆ ಸುಮಾರು 2,800 ಸುತ್ತು ಸುತ್ತುತ್ತಿರುತ್ತದೆ. ಬಾರಿನ ಮೇಲಿನ ಚೈನು ಮಾತ್ರ, ಒಂದೊಂದು ಹಲ್ಲಿನ ತುದಿಯಲ್ಲೂ ಬೆಳಕಿನ ಚೂರೊಂದನ್ನು ಹಿಡಿದುಕೊಂಡು, ಕದಲದೆ ಇರುತ್ತದೆ. ಬೆರಳೊಂದು ತುಸು ಒತ್ತಿದರೆ ಸಾಕು, ಆ ಹಲ್ಲುಗಳೆಲ್ಲ ಕರಗಿ ಒಂದೇ ಗೆರೆಯಾಗಿ ಹರಿಯತೊಡಗುತ್ತವೆ. ನಡುವೆ ಯಾವ ಕೈಯೂ ಲಿವರ್ ಎಳೆದಿಲ್ಲ, ಯಾವ ಕಾಲೂ ಪೆಡಲ್ ತುಳಿದಿಲ್ಲ. ನಿಂತದ್ದನ್ನು ಓಟಕ್ಕೆ ದಾಟಿಸಿದ್ದು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕ್ಲಚ್ಚು.

ಕೊಪ್ಪದ ಕಡೆಯ ಶೆಡ್ಡೊಂದರಲ್ಲಿ, ಹಿಡಿದ ಮಳೆ ಬಿಡದ ಆಷಾಢದ ಮಧ್ಯಾಹ್ನ, ಹಳೆಯ ಕ್ಲಚ್ ತೆಗೆದು ಹೊಸದನ್ನು ಕೂರಿಸುವುದನ್ನು ನೋಡುತ್ತ ನಿಂತಿದ್ದೆ. ಕವರ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ ಕುಡಿದು ಗಟ್ಟಿಯಾದ ಮರದ ಹುಡಿ. ಮೇಲೆ ಹಲಸಿನ ಹಳದಿ, ಅದರಡಿ ಯಾವುದೋ ಕೆಂಚು ಮರ, ಅದಕ್ಕೂ ಕೆಳಗೆ ಹೆಸರು ಹೇಳಲಾಗದಷ್ಟು ಕಪ್ಪಾದ ಇನ್ನೊಂದು. ಗಾಳಿಗೆ ಉರುಳಿ ರಸ್ತೆಗೆ, ತೋಟಕ್ಕೆ, ಕರೆಂಟಿನ ತಂತಿಗೆ ಅಡ್ಡ ಬಿದ್ದ ಮರಗಳೆಲ್ಲ ಅಲ್ಲಿ ಪದರಪದರವಾಗಿ ಮಲಗಿದ್ದವು. ಬ್ರಷ್ಷು ಆಡಿಸಿದಂತೆ ಪೆಟ್ರೋಲಿನ ಘಾಟಿನ ನಡುವಿನಿಂದ ಹಸಿ ಮರದ ಕಂಪು ಎದ್ದು ಬಂತು. ಕ್ಲಿಪ್ ಜಾರಿಸಿ ಡ್ರಮ್ ತೆಗೆದಾಯಿತು. ಕಾದೂ ಕಾದೂ ಅದರ ಉಕ್ಕು ನೀಲಿಗೆ ತಿರುಗಿತ್ತು, ನೀಲಿಯ ಅಂಚಿನಲ್ಲಿ ನೇರಳೆ, ಅದರಾಚೆ ಒಣಹುಲ್ಲಿನ ಬಣ್ಣ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ ಮುಟ್ಟಿದಾಗ ತಾನೇ ಬಳಿದುಕೊಳ್ಳುವ ನೀಲಿ ಅದು, ಬೇನೆಯ ಗುರುತೇ ಆಗಿದ್ದರೂ ಕಣ್ಣು ತೆಗೆಯಲಾಗದಷ್ಟು ಚೆಂದ.

ಆಮೇಲೆ ಪ್ಲಗ್ ಬಿಚ್ಚಿ ಆ ತೂತಿನೊಳಗೆ ಒಂದು ತುಂಡು ಹಗ್ಗ ಇಳಿಬಿಟ್ಟರು. ಪಿಸ್ಟನ್ ಮೇಲೇರಿ ಬಂದು ಆ ಮೆತ್ತನೆಯ ಹಗ್ಗಕ್ಕೆ ಒರಗಿ ನಿಲ್ಲುತ್ತದೆ, ಕ್ಲಚ್ಚು ಬಿಚ್ಚುವಾಗ ಶಾಫ್ಟು ಜೊತೆಗೆ ಸುತ್ತುವುದಿಲ್ಲ, ಲೋಹಕ್ಕೆ ಲೋಹ ತಾಗಿ ಗಾಯವಾಗುವುದಿಲ್ಲ. ಬಿಚ್ಚಲು ಕ್ಲಚ್ಚನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು, ಥ್ರೆಡ್ ಉಲ್ಟಾ. ಶಾಫ್ಟು ತಿರುಗುವುದೂ ಅದೇ ದಿಕ್ಕಿಗಾದ್ದರಿಂದ ದುಡಿದಷ್ಟೂ ಕ್ಲಚ್ಚು ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಯಾರೋ ಎಲ್ಲಿಯೋ ಕೂತು ಇಷ್ಟನ್ನೂ ಮುಂಚೆಯೇ ಯೋಚಿಸಿಟ್ಟಿದ್ದಾರೆ ಎಂಬುದು ನನ್ನೊಳಗೆ ಕೃತಜ್ಞತೆಯಂತೆ ಇಳಿಯಿತು.

ಹೊಸ ಕ್ಲಚ್ಚನ್ನು ಕೈಯಲ್ಲಿಟ್ಟುಕೊಂಡು ನೋಡಿದರೆ ಏನಿದೆ ಅದರಲ್ಲಿ? ನಡುವೊಂದು ಗುಂಬ, ಸುತ್ತ ಕಮಾನಿನಂಥ ಶೂಗಳು, ಅವನ್ನು ಒಳಕ್ಕೆ ಜಗ್ಗಿ ಹಿಡಿದ ಸ್ಪ್ರಿಂಗುಗಳು. ಶೂಗಳಿಗೂ ಅವನ್ನು ಸುತ್ತುವರಿದ ಡ್ರಮ್ಮಿಗೂ ನಡುವೆ ಒಂದಿಷ್ಟೇ ಇಷ್ಟು ತೆರಪು. ಒದ್ದೆ ಕೊಡೆಯನ್ನು ತಿರುಗಿಸಿದಾಗ ಹನಿಗಳು ಹೊರಗೆ ಸಿಡಿಯುತ್ತವಲ್ಲ, ಹಾಗೆ ಶೂಗಳೂ ಸುತ್ತುತ್ತ ಸುತ್ತುತ್ತ ಹೊರಗೆ ಹೊರಡಲು ತವಕಿಸುತ್ತವೆ, ಸ್ಪ್ರಿಂಗು ಬಿಡುವುದಿಲ್ಲ. ಆದರೆ ವೇಗ ಇಮ್ಮಡಿಯಾದರೆ ಆ ತವಕ ನಾಲ್ಮಡಿಯಾಗುತ್ತದೆ; ಪೂರ್ತಿ ರೇಸಿನಲ್ಲಿ, ನಿಮಿಷಕ್ಕೆ 13,000 ಸುತ್ತಿನ ಹೊತ್ತಿಗೆ, ಸುಮ್ಮನೆ ಗುರುಗುಡುವಾಗಿನದರ ಇಪ್ಪತ್ತು ಪಟ್ಟನ್ನೂ ಮೀರುತ್ತದೆ. ಅದಕ್ಕೆ ಬಹಳ ಮೊದಲೇ, 3,500–4,000ದ ಆಸುಪಾಸಿನ ಯಾವುದೋ ಒಂದು ಸುತ್ತಿನಲ್ಲಿ, ಸ್ಪ್ರಿಂಗು ಮಣಿದು ಶೂ ಡ್ರಮ್ಮನ್ನು ತಬ್ಬುತ್ತದೆ, ತೆರಪು ಮುಚ್ಚುತ್ತದೆ, ಚೈನು ಎಚ್ಚರಗೊಳ್ಳುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಹಬೆಯಂತ್ರದ ವೇಗವನ್ನು ಹತೋಟಿಗೆ ತಂದದ್ದು ತಿರುಗುವ ಎರಡು ಗುಂಡುಗಳ ಇದೇ ಹೊರಸೆಳೆತವನ್ನು ನಂಬಿ. ಸಂತೆಗೆ ಹೊರಟ ಟಿವಿಎಸ್ ಎಕ್ಸೆಲ್ ಮೊಪೆಡ್ಡು ಎಮ್ಮೆಗೆ ದಾರಿ ಬಿಡಲು ನಿಂತಾಗ ಎಂಜಿನ್ ಆರದೆಯೂ ಸುಮ್ಮನೆ ನಿಲ್ಲುವುದು ಈ ಕೂದಲೆಳೆಯ ತೆರಪಿನ ದಯೆಯಿಂದಲೇ. ನಮ್ಮ ದಿನಗಳ ಎಷ್ಟೊಂದು ನಿಲುಗಡೆಗಳನ್ನು ಈ ಬರಿದಾದ ಜಾಗ ಕಾಯುತ್ತಿದೆ ಎಂದು ಯೋಚಿಸುತ್ತ ಹೋದರೆ ಯೋಚನೆಗೆ ದಡ ಸಿಗುವುದಿಲ್ಲ.

ಸೂಜಿಯಷ್ಟು ಸಣ್ಣ ರೋಲರುಗಳ ಬೇರಿಂಗಿಗೆ ಗ್ರೀಸ್ ಸವರಿ, ಹೊಸ ಡ್ರಮ್ ಏರಿಸಿ, ವಾಷರ್, ಕ್ಲಿಪ್, ಬಾರು, ಚೈನು, ಕವರು. ಇನ್ನು ಪರೀಕ್ಷೆ. ಹಳೆಯ ಕ್ಲಚ್ಚಿನಲ್ಲಿ ಸ್ಪ್ರಿಂಗು ಸೋತು, ರೇಸ್ ಬಿಟ್ಟರೂ ಚೈನು ತೆವಳುತ್ತಿತ್ತು. ಹಾಗಾಗಿ ಎಲ್ಲರೂ ಮೊದಲು ನೋಡಿದ್ದು ಓಡುವುದನ್ನಲ್ಲ, ನಿಲ್ಲುವುದನ್ನು. ಬ್ರೇಕ್ ಬಿಟ್ಟರು, ಎಂಜಿನ್ ಗುರುಗುಡುತ್ತಿತ್ತು, ಚೈನು ಅಲುಗಲಿಲ್ಲ. ರೇಸ್ ಕೊಟ್ಟರು, ಹರಿಯಿತು, ಬಿಟ್ಟರು, ನಿಂತಿತು. ಡ್ರಮ್ಮಿನೊಳಗೆ ಶೂ ಹೊರಟು ತಬ್ಬಿದ್ದನ್ನು ಯಾರೂ ಕಾಣಲಿಲ್ಲ, ಕಾಣುವಂತೆಯೂ ಇಲ್ಲ. ಬಾರಿನ ತುದಿಯನ್ನು ಹೊಸದಾಗಿ ಕೊಯ್ದ ಬಿಳಿ ದಿಮ್ಮಿಯತ್ತ ಹಿಡಿದು ಮತ್ತೊಮ್ಮೆ ರೇಸ್ ಕೊಟ್ಟಾಗ ಎಣ್ಣೆಯ ಸಣ್ಣ ಗೆರೆ ಮೂಡಿತು: ಡ್ರಮ್ಮಿನಿಂದ ತಿರುಗುವ ಎಣ್ಣೆ ಪಂಪೂ ಸರಿಯಾಗಿ ಕೂತಿದೆ. ಕೊನೆಗೆ ಓಡುವ ಚೈನಿಗೆ ಬ್ರೇಕ್ ಹಾಕಿ ನೋಡಿ, ಎಂಜಿನ್ ಆರಿಸಿ, ತೋಟದವರ ಕೈಗೆ ಕೊಟ್ಟರು. ಮೇಲಿನ ಘಾಟಿಯಲ್ಲಿ ಬೆಳಗಿನಿಂದ ಒಂದು ಮರ ರಸ್ತೆಗೆ ಅಡ್ಡ ಬಿದ್ದಿದೆಯಂತೆ, ಬಸ್ಸು ಕಾಯುತ್ತಿದೆಯಂತೆ.