ಆಕಾಶದ ಸುದ್ದಿಯೂ ಒಂದು ಅಮಾನತ್ತು

2025ರ ಫೆಬ್ರವರಿ ತಿಂಗಳ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಎಂಟನೇ ತರಗತಿಯಲ್ಲಿ ಓದುವ ನೆರೆಮನೆಯ ಹುಡುಗಿ ಫೋನು ಹಿಡಿದುಕೊಂಡು ಓಡಿ ಬಂದಳು. "ಮಾಮಾ, 2032ರ ಡಿಸೆಂಬರ್ 22ಕ್ಕೆ ಆಕಾಶದಿಂದ ಬಂಡೆ ಬಿದ್ದು ಮುಂಬೈ ನಾಶವಾಗುತ್ತದಂತೆ. ಹೌದಾ? ನಮ್ಮ ಅಣ್ಣ ಅಲ್ಲೇ ಕೆಲಸಕ್ಕಿದ್ದಾನಲ್ಲ?" ಎಂದಳು. ಸಂದೇಶದ ಕೊನೆಯಲ್ಲಿ ಇದನ್ನು ಹತ್ತು ಮಂದಿಗೆ ಕಳಿಸಿರಿ ಎಂದಿತ್ತು. ಅವಳ ಉಮ್ಮ ಆಗಲೇ ಕಳಿಸಿಯೂ ಆಗಿತ್ತು.

ನಾನು ನಕ್ಕುಬಿಟ್ಟೆ. "ಎಲ್ಲ ಸುಳ್ಳು, ಹೋಗಿ ಮಲಗು" ಎಂದೆ. ಹುಡುಗಿ ಸಮಾಧಾನದಿಂದ ಹೋದಳು. ಆದರೆ ಮರುದಿನ ಪತ್ರಿಕೆ ಓದಿದಾಗ ನನಗೆ ಸಮಾಧಾನವಿರಲಿಲ್ಲ. ಏಕೆಂದರೆ ಎಲ್ಲವೂ ಸುಳ್ಳಾಗಿರಲಿಲ್ಲ. ಆ ತಾಯಿ ಗೊತ್ತಿಲ್ಲದ್ದನ್ನು ನಿಜವೆಂದು ಹರಡಿದ್ದರು. ನಾನು ಗೊತ್ತಿಲ್ಲದ್ದನ್ನು ಸುಳ್ಳೆಂದು ಹೇಳಿದ್ದೆ. ನಮ್ಮಿಬ್ಬರಲ್ಲಿ ಯಾರ ತಪ್ಪು ದೊಡ್ಡದು?

ನಿಜ ಸಂಗತಿ ಇಷ್ಟು. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕವು ಒಂದು ಕ್ಷುದ್ರಗ್ರಹವನ್ನು ಕಂಡಿತು. 2024 ವೈಆರ್4 ಎಂದು ಅದಕ್ಕೆ ಹೆಸರಾಯಿತು. ಅದು ಎರಡು ದಿನಗಳ ಮೊದಲೇ ಭೂಮಿಯ ಸಮೀಪ ಹಾದು ದೂರ ಸಾಗುತ್ತಿತ್ತು. ಗಾತ್ರ ಸುಮಾರು 60 ಮೀಟರ್. ಅಂತಹದೊಂದು ಬಂಡೆ ಜನವಸತಿಯ ಮೇಲೆರಗಿದರೆ ಏನಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ಉದಾಹರಣೆಯಿದೆ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ಪ್ರದೇಶದ ಆಕಾಶದಲ್ಲಿ ಇಂಥದೇ ಒಂದು ಕಾಯ ಸ್ಫೋಟಿಸಿ, ಸುಮಾರು 2,000 ಚದರ ಕಿಲೋಮೀಟರ್ ಕಾಡು ನೆಲಕ್ಕೊರಗಿತು.

2025ರ ಜನವರಿ ಕೊನೆಯಲ್ಲಿ ಈ ಬಂಡೆ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಶೇಕಡಾ ಒಂದನ್ನು ದಾಟಿತು. ಫೆಬ್ರವರಿ 18ರಂದು ಅದು ಶೇಕಡಾ 3.1ಕ್ಕೇರಿತು. ಬಡಿದರೆ ಬೀಳಬಹುದಾದ ಪಟ್ಟಿಯು ಪೆಸಿಫಿಕ್ ಸಾಗರದ ಪೂರ್ವ ಭಾಗದಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ ಭಾಗ, ಆಫ್ರಿಕ, ಅರಬೀ ಸಮುದ್ರಗಳನ್ನು ದಾಟಿ ದಕ್ಷಿಣ ಏಶ್ಯದವರೆಗೆ ಚಾಚಿತ್ತು. ಅಂದರೆ ಆ ಹುಡುಗಿಯ ಭಯಕ್ಕೆ ಆಧಾರವೇ ಇರಲಿಲ್ಲವೆನ್ನುವಂತಿಲ್ಲ. ಆದರೆ ನೂರರಲ್ಲಿ ತೊಂಬತ್ತೇಳು ಪಾಲು ಅದು ಬಡಿಯುವುದಿಲ್ಲ ಎಂಬುದನ್ನೂ ಅದೇ ಲೆಕ್ಕ ಹೇಳುತ್ತಿತ್ತು. ಸಂದೇಶ ಬರೆದವನು ಮೂರನ್ನು ನೂರು ಮಾಡಿದ. ನಾನು ಮೂರನ್ನು ಸೊನ್ನೆ ಮಾಡಿದೆ. ಕೆಲವೇ ದಿನಗಳಲ್ಲಿ ಆ ಸಾಧ್ಯತೆ ಇಳಿದು ಇಲ್ಲವೆನ್ನುವಷ್ಟಾಯಿತು.

ಇಲ್ಲಿ ಒಂದು ಆಕ್ಷೇಪವಿದೆ. ಇಂದು ಮೂರು ಎನ್ನುವುದು, ನಾಳೆ ಇಲ್ಲ ಎನ್ನುವುದು, ಇದೆಂಥ ವಿಜ್ಞಾನ? ಖಚಿತವಾಗುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಮಕ್ಕಳು ಮರಿಗಳಾದರೂ ನೆಮ್ಮದಿಯಿಂದ ನಿದ್ರಿಸುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿ ಹಾಕಬಾರದು. ಜನರನ್ನು ಅನಗತ್ಯವಾಗಿ ಹೆದರಿಸುವುದು ಸಣ್ಣ ತಪ್ಪಲ್ಲ.

ಒಂದು ಮನೆಯ ಮಾತು ತೆಗೆದುಕೊಳ್ಳೋಣ. ತಾಯಿ ಹೊಲಿಗೆ ಮಾಡುತ್ತಿದ್ದಾಗ ಸೂಜಿ ಎಲ್ಲೋ ಬಿದ್ದುಹೋಯಿತು. ನಡುಕೋಣೆಯಲ್ಲಿ ಚಾಪೆಯ ಮೇಲೆ ಮಗು ಮಲಗಿದೆ. ಸೂಜಿ ಇಡೀ ಮನೆಯಲ್ಲಿ ಎಲ್ಲಿಯೂ ಇರಬಹುದು. ಮನೆಯೊಳಗೆ ಚಾಪೆಯ ಪಾಲು ನೂರರಲ್ಲೊಂದು. ಆಕೆ ಅಡುಗೆ ಕೋಣೆ, ಚಾವಡಿ ಎಲ್ಲ ಹುಡುಕಿದಳು, ಸಿಗಲಿಲ್ಲ. ಈಗ ಅದು ನಡುಕೋಣೆಯಲ್ಲೇ ಇರಬೇಕು. ಚಾಪೆ ಕದಲಿಲ್ಲ, ಸೂಜಿಯೂ ಕದಲಿಲ್ಲ. ಆದರೂ ಸೂಜಿ ಚಾಪೆಯಲ್ಲಿರುವ ಸಾಧ್ಯತೆ ಹೆಚ್ಚಿತು, ಏಕೆಂದರೆ ಹುಡುಕಬೇಕಾದ ಜಾಗ ಚಿಕ್ಕದಾಯಿತು. ಕೊನೆಗೆ ಬಾಗಿಲ ಸಂದಿಯಲ್ಲಿ ಸೂಜಿ ಸಿಕ್ಕಿತು. ಸಾಧ್ಯತೆ ಒಮ್ಮೆಲೇ ಸೊನ್ನೆಯಾಯಿತು.

ಕ್ಷುದ್ರಗ್ರಹದ ಲೆಕ್ಕವೂ ಇದೇ. ಆಕಾಶದ ಒಂದೇ ಭಾಗದ ಚಿತ್ರವನ್ನು ಒಂದೇ ರಾತ್ರಿ ಹಲವು ಬಾರಿ ತೆಗೆಯುತ್ತಾರೆ. ನಕ್ಷತ್ರಗಳು ಇದ್ದಲ್ಲಿಯೇ ಇರುತ್ತವೆ. ಒಂದು ಚುಕ್ಕೆ ಮಾತ್ರ ಸರಿಯುತ್ತದೆ. ಮೊದಲ ದಿನಗಳ ಕೆಲವೇ ಚುಕ್ಕೆಗಳಿಂದ ಅದರ ಮುಂದಿನ ದಾರಿ ಮಸುಕಾಗಿ ಮಾತ್ರ ಕಾಣುತ್ತದೆ. ದಿನ ಕಳೆದಂತೆ, ಬೇರೆ ಬೇರೆ ದೇಶಗಳ ದೂರದರ್ಶಕಗಳು ಅದನ್ನು ನೋಡಿದಂತೆ, ಆ ಮಸುಕು ಕಿರಿದಾಗುತ್ತದೆ. ಕಿರಿದಾದ ಮಸುಕಿನೊಳಗೆ ಭೂಮಿ ಇನ್ನೂ ಇದ್ದರೆ ಸಾಧ್ಯತೆ ಏರುತ್ತದೆ. ಭೂಮಿ ಹೊರಗುಳಿದೊಡನೆ ಇಳಿದುಬಿಡುತ್ತದೆ. ಮೂರು ಎಂದವರು ಸುಳ್ಳು ಹೇಳಲಿಲ್ಲ, ಸೊನ್ನೆ ಎಂದವರು ಮಾತು ಬದಲಿಸಲಿಲ್ಲ.

ಇನ್ನು ಆ ತಾಯಿ ಏನು ಮಾಡಬೇಕಿತ್ತು? "ಸೂಜಿ ಬಿದ್ದಿದೆ, ನೋಡಿಕೊಂಡು ಕಾಲಿಡಿ" ಎಂದು ಮನೆಯವರಿಗೆ ಹೇಳಬೇಕಿತ್ತು. ಸಿಗದಿದ್ದರೆ ಎಲ್ಲರೂ ನಗುತ್ತಾರೆಂದು ಸುಮ್ಮನಿರುವುದು ತಪ್ಪು. ಮಗುವಿಗೆ ಸೂಜಿ ಚುಚ್ಚಿತೆಂದು ಕೂಗಿಕೊಳ್ಳುವುದೂ ತಪ್ಪು. ಸಿಕ್ಕಿದ ಮೇಲೆ "ಸಿಕ್ಕಿತು" ಎಂದು ಹೇಳದೆ ಎಲ್ಲರನ್ನೂ ಅಂಜಿಕೆಯಲ್ಲೇ ಬಿಡುವುದು ಮೂರನೆಯ ತಪ್ಪು.

ಮೌನದ ಬೆಲೆ ಎಷ್ಟೆಂಬುದನ್ನು ನಮ್ಮ ಕಾಲದವರೇ ಕಂಡಿದ್ದೇವೆ. 2004ರ ಡಿಸೆಂಬರ್‌ನಲ್ಲಿ, ಮುಂದೆ ಅಪೋಫಿಸ್ ಎಂಬ ಹೆಸರು ಪಡೆದ ಕ್ಷುದ್ರಗ್ರಹವು 2029ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ದಿನದಿಂದ ದಿನಕ್ಕೆ ಏರುತ್ತಾ 27ರಂದು ಶೇಕಡಾ 2.7ಕ್ಕೆ ಮುಟ್ಟಿತು. ಅದೇ ದಿನ, ಆ ವರ್ಷದ ಮಾರ್ಚ್‌ನಲ್ಲಿ ತೆಗೆದಿದ್ದ ಹಳೆಯ ಚಿತ್ರಗಳಲ್ಲಿ ಅದು ಪತ್ತೆಯಾಗಿ, 2029ರ ಅಪಾಯವಿಲ್ಲವೆಂದು ತಿಳಿಯಿತು. ಆದರೆ ಅದರ ಹಿಂದಿನ ದಿನ ಬೆಳಿಗ್ಗೆ ಸುಮಾತ್ರಾದ ಬಳಿ ಸಮುದ್ರದಡಿ ಭೂಕಂಪವಾಗಿತ್ತು. ಸುನಾಮಿ ಎರಡು ಲಕ್ಷಕ್ಕೂ ಹೆಚ್ಚು ಜೀವಗಳನ್ನು ಕೊಂಡೊಯ್ದಿತ್ತು. ಅಲೆಗಳು ತಮಿಳುನಾಡಿನ ಕರಾವಳಿಯನ್ನು ತಲುಪಲು ಎರಡು ಗಂಟೆಗೂ ಮಿಕ್ಕಿ ಸಮಯ ಹಿಡಿದಿತ್ತು. ಭೂಕಂಪದ ಅರಿವು ಹವಾಯಿಯ ಕೇಂದ್ರಕ್ಕಿತ್ತು. ಆ ಅರಿವನ್ನು ನಾಗಪಟ್ಟಣದ ಬೆಸ್ತನ ಬಾಗಿಲಿಗೆ ಮುಟ್ಟಿಸುವ ದಾರಿ ಇರಲಿಲ್ಲ. ಇಪ್ಪತ್ತೈದು ವರ್ಷಗಳ ಆಚೆಗಿನ ಬಂಡೆಯನ್ನು ಲೆಕ್ಕ ಹಾಕಬಲ್ಲ ಮಾನವನಿಗೆ ಎರಡು ಗಂಟೆಗಳ ಆಚೆಗಿನ ಅಲೆಯ ಬಗ್ಗೆ ತನ್ನ ಸಹೋದರನಿಗೆ ಒಂದು ಮಾತು ಹೇಳಲಾಗಲಿಲ್ಲ. ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾದುದು 2007ರಲ್ಲಿ.

ತಿಳಿದವನ ಬಳಿ ಇರುವ ಅರಿವು ಅವನ ಸ್ವಂತ ಸೊತ್ತಲ್ಲ. ಅಪಾಯ ಯಾರ ತಲೆಯ ಮೇಲಿದೆಯೋ ಆ ಅರಿವು ಅವರದು. ತಿಳಿದವನು ಅದರ ಅಮಾನತುದಾರ ಮಾತ್ರ. ಅಮಾನತ್ತನ್ನು ಮುಟ್ಟಿಸದೆ ಇಟ್ಟುಕೊಳ್ಳುವಂತಿಲ್ಲ. ಅದರ ತೂಕವನ್ನು ಹೆಚ್ಚು ಕಡಿಮೆ ಮಾಡುವಂತೆಯೂ ಇಲ್ಲ.

ಖಗೋಳ ವಿಜ್ಞಾನಿಗಳು ಈ ಪಾಠವನ್ನು ಎಡವಿಯೇ ಕಲಿತರು. 1998ರ ಮಾರ್ಚ್‌ನಲ್ಲಿ 1997 ಎಕ್ಸ್ಎಫ್11 ಎಂಬ ಕ್ಷುದ್ರಗ್ರಹ 2028ರಲ್ಲಿ ಭೂಮಿಗೆ ಅತಿ ಸಮೀಪ ಬರಲಿದೆಯೆಂಬ ಪ್ರಕಟಣೆ ಹೊರಬಿದ್ದು ಜಗತ್ತೇ ಕಂಗಾಲಾಯಿತು. ಮರುದಿನವೇ 1990ರ ಹಳೆಯ ಚಿತ್ರಗಳು ಅಪಾಯವಿಲ್ಲವೆಂದು ತೋರಿಸಿದವು. ಆ ಬಳಿಕ ಅವರು ಅಡಗಿಸಿಡುವ ದಾರಿ ಹಿಡಿಯಲಿಲ್ಲ, ಅಳತೆಗೋಲು ಮಾಡಿಕೊಂಡರು. ಸೊನ್ನೆಯಿಂದ ಹತ್ತರವರೆಗಿನ ಟೊರಿನೋ ಮಾಪಕ 1999ರಲ್ಲಿ ಬಂತು. ಇಂದು ಅಮೆರಿಕ ಮತ್ತು ಯೂರೋಪಿನ ಕೇಂದ್ರಗಳು ಬೇರೆ ಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡುತ್ತವೆ. ಹತ್ತು ಮೀಟರಿಗಿಂತ ದೊಡ್ಡ ಕಾಯದ ಸಾಧ್ಯತೆ ಶೇಕಡಾ ಒಂದನ್ನು ದಾಟಿದರೆ ಲೋಕಕ್ಕೆ ತಿಳಿಸಬೇಕೆಂದು ಮೊದಲೇ ನಿಯಮ ಮಾಡಿಕೊಂಡಿದ್ದಾರೆ. ಯಾವಾಗ ಹೇಳಬೇಕೆಂಬುದು ಯಾರೊಬ್ಬನ ಭಯಕ್ಕೂ ಕೀರ್ತಿಯಾಸೆಗೂ ಬಿಟ್ಟದ್ದಲ್ಲ.

ಈ ನಡತೆ ನಮಗೆ ಹೊಸತಾಗಬೇಕಾಗಿಲ್ಲ. ಭದ್ರತೆಯ ಅಥವಾ ಭೀತಿಯ ಸುದ್ದಿ ಕಿವಿಗೆ ಬಿದ್ದೊಡನೆ ಹರಡಿಬಿಡುವವರನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಆಕ್ಷೇಪಿಸಿದೆ. ಅದನ್ನು ಪರಿಶೀಲಿಸಿ ತಿಳಿಯಬಲ್ಲವರ ಮುಂದಿಡಬೇಕಿತ್ತೆಂದು ಕಲಿಸಿದೆ. ಬೀಳುವ ನಕ್ಷತ್ರದ ವಿಷಯದಲ್ಲೂ ಪ್ರವಾದಿವರ್ಯರ(ಸ) ಮಾರ್ಗದರ್ಶನವಿದೆ. ಒಂದು ರಾತ್ರಿ ಉಲ್ಕೆಯೊಂದು ಉರಿದು ಬಿದ್ದಾಗ, ಅಜ್ಞಾನ ಕಾಲದಲ್ಲಿ ಇದಕ್ಕೆ ಏನೆನ್ನುತ್ತಿದ್ದಿರಿ ಎಂದು ಅವರು ಅನುಚರರನ್ನು ಕೇಳಿದರು. ಮಹಾಪುರುಷನೊಬ್ಬ ಹುಟ್ಟಿದ ಅಥವಾ ಸತ್ತ ಎನ್ನುತ್ತಿದ್ದೆವು ಎಂದು ಅವರು ಉತ್ತರಿಸಿದರು. ಯಾರ ಹುಟ್ಟು ಸಾವಿಗೂ ಅದು ಬೀಳುವುದಿಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಆಕಾಶದ ಬೆಳಕಿಗೆ ಇಲ್ಲದ ಅರ್ಥ ಕಟ್ಟುವ ಅಭ್ಯಾಸವನ್ನು ಅಂದೇ ನಿಲ್ಲಿಸಲಾಗಿತ್ತು. ಇಂದು ನಾವು ಅದನ್ನು ಫೋನಿನಲ್ಲಿ ಮತ್ತೆ ಆರಂಭಿಸಿದ್ದೇವೆ.

ಎಲ್ಲವನ್ನೂ ಮೊದಲೇ ಕಾಣಬಲ್ಲೆವೆಂಬ ಹಮ್ಮೂ ಬೇಡ. 2013ರ ಫೆಬ್ರವರಿ 15ರಂದು ವಿಜ್ಞಾನಿಗಳು ಒಂದು ಕ್ಷುದ್ರಗ್ರಹ ಹಾದುಹೋಗುವುದನ್ನು ಕಾದು ಕುಳಿತಿದ್ದರು. ಅದೇ ದಿನ ಬೇರೊಂದು, ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾರ ಕಣ್ಣಿಗೂ ಬೀಳದೆ, ರಶ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿಯಿತು. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಒಂದೆರಡು ನಿಮಿಷ ತಡೆದು ಬಂದ ಸ್ಫೋಟದ ಅಲೆಗೆ ಗಾಜು ಒಡೆಯಿತು. ಸುಮಾರು 1,500 ಮಂದಿ ಗಾಯಗೊಂಡರು. ಒಬ್ಬ ಶಿಕ್ಷಕಿ ಮಾತ್ರ ತನ್ನ ತರಗತಿಯ 44 ಮಕ್ಕಳನ್ನು ಮೇಜಿನಡಿ ಅಡಗಲು ಹೇಳಿದರು. ಗಾಜು ಆಕೆಯ ಮೈಗೆ ನಾಟಿತು, ಮಕ್ಕಳಿಗೆ ಏನೂ ಆಗಲಿಲ್ಲ. ಏನಾಗುತ್ತಿದೆಯೆಂದು ಆಕೆಗೂ ತಿಳಿದಿರಲಿಲ್ಲ. ತನ್ನ ವಶದಲ್ಲಿದ್ದ ಮಕ್ಕಳ ಹೊಣೆ ತನ್ನದೆಂಬುದು ತಿಳಿದಿತ್ತು.

2029ರ ಏಪ್ರಿಲ್ 13, ಶುಕ್ರವಾರ ಅಪೋಫಿಸ್ ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. ನಮ್ಮ ಟಿ.ವಿ. ಉಪಗ್ರಹಗಳಿಗಿಂತಲೂ ಹತ್ತಿರ. ಅದು ಬಡಿಯುವುದಿಲ್ಲ. ಮುಂದಿನ ನೂರು ವರ್ಷಗಳವರೆಗೂ ಬಡಿಯದೆಂದು 2021ರಲ್ಲೇ ಖಚಿತವಾಗಿದೆ. ಆದರೂ ಆ ದಿನಗಳಲ್ಲಿ ನಮ್ಮ ಫೋನುಗಳಿಗೆ ಏನೇನು ಬರಲಿದೆಯೆಂಬುದನ್ನು ಊಹಿಸಲು ದೂರದರ್ಶಕ ಬೇಕಾಗಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ನಾನು ನೆರೆಮನೆಗೆ ಹೋದೆ. "ಮಗಳೇ, ಅಂದು ನಾನು ಹೇಳಿದ್ದೂ ಸರಿಯಲ್ಲ" ಎಂದು ಸೂಜಿಯ ಕತೆ ಹೇಳಿದೆ. ಅವಳು ಕೇಳಿಸಿಕೊಂಡು ಉಮ್ಮನ ಕಡೆ ತಿರುಗಿ, "ಸೂಜಿ ಸಿಕ್ಕಿದೆಯೆಂದು ಆ ಹತ್ತು ಮಂದಿಗೂ ಕಳಿಸಬೇಕಲ್ಲ ಉಮ್ಮಾ?" ಎಂದಳು.