ಡಬ್ಬಿಯ ಒಡೆಯ

ಪುಣೆಯ ಒಂದು ಉದ್ಯಾನದ ಗೇಟಿನಲ್ಲಿ ಕೂರುತ್ತಿದ್ದ ಸೆಕ್ಯುರಿಟಿಯವರು ಬೆಳಿಗ್ಗೆ ಏಳೂಕಾಲಿಗೆ ಎದುರಿನ ಟಪರಿಗೆ ಚಹಾಕ್ಕೆ ಹೋಗುತ್ತಿದ್ದರು. ಹೋದರೆ ಹತ್ತು ನಿಮಿಷ ಬರುತ್ತಿರಲಿಲ್ಲ. ಇದು ನನಗೆ ಖಚಿತವಾಗಿ ಗೊತ್ತಿತ್ತು, ಏಕೆಂದರೆ ಒಂದು ವಾರ ಗಮನಿಸಿದ್ದೆ. ಅವರ ಹೆಸರು ಗೊತ್ತಿರಲಿಲ್ಲ. ಊರು ಗೊತ್ತಿರಲಿಲ್ಲ. ಅವರ ಮನೆಮಾತು ಕನ್ನಡ ಎಂಬುದೂ ಎರಡು ವರ್ಷದವರೆಗೆ ತಿಳಿಯಲಿಲ್ಲ. ಆ ಹತ್ತು ನಿಮಿಷ ನನಗೆ ಬೇಕಾಗಿದ್ದದ್ದು ಒಂದು ಡಬ್ಬಿ ಬಚ್ಚಿಡುವುದಕ್ಕೆ.

ಜಿಯೋಕ್ಯಾಶಿಂಗ್ ಎಂಬ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಜಿಪಿಎಸ್ ಹಿಡಿದು ಆಡುವ ನಿಧಿಶೋಧ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಉಳಿದವರು ಹುಡುಕಿಕೊಂಡು ಹೋಗಿ, ಒಳಗಿರುವ ಕಾಗದದಲ್ಲಿ ಹೆಸರು ಮತ್ತು ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ದೊಡ್ಡ ಡಬ್ಬಿಯಾದರೆ ಒಳಗೆ ಸಣ್ಣಪುಟ್ಟ ಆಟಿಕೆಗಳಿರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ ಹೆಚ್ಚಿನದ್ದೋ ಇನ್ನೊಂದನ್ನು ಇಡಬೇಕೆಂಬುದು ನಿಯಮ.

ಆಟ ಹುಟ್ಟಿದ ದಿನ ಇಷ್ಟು ನಿಖರವಾಗಿ ಗೊತ್ತಿರುವ ಆಟಗಳು ಕಡಿಮೆ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮೇ 3ರಂದು ಡೇವ್ ಉಲ್ಮರ್ ಎಂಬಾತ, ನಿಖರತೆ ಎಷ್ಟಿದೆ ನೋಡೋಣ ಎಂದು, ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು ಅದರ ಸ್ಥಾನವನ್ನು ಲೋಕಕ್ಕೆ ತಿಳಿಸಿದ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬಾತ ಅದನ್ನು ಹುಡುಕಿದ. ಈಗ ಆ ಜಾಗದಲ್ಲಿ ನೆನಪಿನ ಫಲಕವಿದೆ.

ಆ ಫಲಕದ ಮುಂದೆ ನಾನು 2011ರ ಒಂದು ಭಾನುವಾರ ಮಳೆಯಲ್ಲಿ ನಿಂತಿದ್ದೆ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಎರಡು ವರ್ಷದ ಆನ್‌ಸೈಟ್. ಮಗಳು ಚಿಕ್ಕವಳೆಂದು ಹೆಂಡತಿ ತಿಪಟೂರಿನಲ್ಲೇ ಉಳಿದಿದ್ದಳು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರದವರೆಗೆ ಯಾರೊಡನೆಯೂ ಮಾತಿಲ್ಲದ ದಿನಗಳು. ಆಗ ಈ ಆಟ ನನ್ನನ್ನು ಕಾಪಾಡಿತು. ಇದನ್ನು ಉತ್ಪ್ರೇಕ್ಷೆಯಿಂದ ಹೇಳುತ್ತಿಲ್ಲ. ಫಾರೆಸ್ಟ್ ಪಾರ್ಕಿನ ಜರಿಗಿಡಗಳ ನಡುವೆ, ಪಾಚಿ ಹಿಡಿದ ಮರದ ಬುಡದಲ್ಲಿ, ಯಾರೋ ನನಗಾಗಿ ಏನೋ ಇಟ್ಟಿದ್ದಾರೆ ಎಂಬ ಭಾವನೆಯೇ ಸಾಕಾಗಿತ್ತು. ಒದ್ದೆಯಾದ ಕಾಗದದಲ್ಲಿ ಅಪರಿಚಿತರ ಹೆಸರುಗಳ ಕೆಳಗೆ ಕನ್ನಡದಲ್ಲೇ ನನ್ನ ಹೆಸರು ಬರೆಯುತ್ತಿದ್ದೆ. ಹಿಂತಿರುಗುವಾಗ ನನ್ನ ಲೆಕ್ಕ ನಾನೂರು ದಾಟಿತ್ತು.

2013ರಲ್ಲಿ ಪುಣೆಗೆ ಬಂದೆ. ಇಲ್ಲಿ ಡಬ್ಬಿಗಳು ಬಹಳ ಕಡಿಮೆ. ಹುಡುಕುವುದಕ್ಕೆ ಇಲ್ಲದಿದ್ದರೆ ನಾನೇ ಇಡುತ್ತೇನೆ ಎನಿಸಿತು. ಹಳೆಯ ಋಣ ತೀರಿಸುವ ಭಾವವೂ ಇತ್ತು. 2016ರೊಳಗೆ ಮೂರು ಇಟ್ಟೆ. ಎರಡು ಊರಾಚೆಯ ಗುಡ್ಡಗಳಲ್ಲಿ, ಮೂರನೆಯದು ಈ ಉದ್ಯಾನದ ಕಬ್ಬಿಣದ ಬೆಂಚಿನ ಅಡಿಯಲ್ಲಿ. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಡಬ್ಬಿ, ಅಂಟಿಕೊಳ್ಳಲು ಅಯಸ್ಕಾಂತ, ಒಳಗೆ ಸುರುಳಿ ಸುತ್ತಿದ ಕಾಗದ.

ಡಬ್ಬಿ ಪ್ರಕಟಿಸಬೇಕಾದರೆ ಆಟದ ನಿಯಮಗಳಿಗೆ ಒಪ್ಪಿಗೆ ಕೊಡಬೇಕು. ಜಾಗಕ್ಕೆ ಸಂಬಂಧಪಟ್ಟವರ ಅನುಮತಿ ಪಡೆಯಬೇಕು ಎಂಬುದು ಅವುಗಳಲ್ಲೊಂದು. ಚೌಕದಲ್ಲಿ ಟಿಕ್ ಮಾಡಿದೆ. ಅನುಮತಿ ಯಾರನ್ನೂ ಕೇಳಿರಲಿಲ್ಲ. ಯಾರನ್ನು ಕೇಳುವುದು, ಕೇಳಿದರೂ ಯಾರಿಗೆ ಅರ್ಥವಾಗುತ್ತದೆ, ಬೆಂಚಿನಡಿ ಒಂದು ಡಬ್ಬಿಯಿಂದ ಯಾರಿಗೇನು ನಷ್ಟ? ದಿನವಿಡೀ ಚೆಕ್‌ಲಿಸ್ಟ್ ತುಂಬುವ ಕೆಲಸದವನಿಗೆ ಟಿಕ್ ಮಾಡುವಾಗ ಬೆರಳು ನಡುಗುವುದಿಲ್ಲ.

ಆಟದಲ್ಲಿ ಇನ್ನೊಂದು ಪದವಿದೆ. ಆಡದವರನ್ನು ‘ಮಗಲ್’ ಎನ್ನುತ್ತಾರೆ. ಹ್ಯಾರಿ ಪಾಟರ್ ಕಥೆಗಳಲ್ಲಿ ಮಾಂತ್ರಿಕರಲ್ಲದ ಮಾಮೂಲಿ ಜನರಿಗಿರುವ ಹೆಸರು. ಮಗಲ್‌ಗಳ ಕಣ್ಣು ತಪ್ಪಿಸಿ ಡಬ್ಬಿ ತೆಗೆಯಬೇಕು, ಇಡಬೇಕು. ತಮಾಷೆಯ ಪದವೇ. ಆದರೆ ಆ ಪದ ಬಳಸುತ್ತಾ ಬಳಸುತ್ತಾ ಗೇಟಿನಲ್ಲಿ ಕೂತ ಮನುಷ್ಯ ನನಗೆ ಒಂದು ಅಡಚಣೆಯಾಗಿ ಮಾತ್ರ ಕಾಣುತ್ತಿದ್ದರು. ಹಾಗಾಗಿಯೇ ಅವರ ಚಹಾದ ಹೊತ್ತು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಒಬ್ಬ ಆಟಗಾರ ಡಬ್ಬಿ ಸಿಗಲಿಲ್ಲವೆಂದು ತಿಳಿಸಿದ. ಹೋಗಿ ನೋಡಿದೆ, ಇರಲಿಲ್ಲ. ಬಿದ್ದುಹೋಗಿರಬೇಕೆಂದುಕೊಂಡು ಹೊಸದಿಡುವ ಯೋಚನೆಯಲ್ಲಿದ್ದೆ. ಗೇಟಿನಲ್ಲಿ ಬೇರೆ ಸೆಕ್ಯುರಿಟಿ ಇದ್ದ. ಅದನ್ನೂ ಗಮನಿಸಿದೆ, ಆಟಗಾರನ ಕಣ್ಣಿನಿಂದ: ಇವನ ಚಹಾದ ಹೊತ್ತು ಯಾವುದೋ.

ಕೆಲವು ವಾರಗಳ ನಂತರ ರಾತ್ರಿ ಊಟ ಮುಗಿಸಿ ಅಡ್ಡಾಡುತ್ತಿದ್ದಾಗ ಅದೇ ಗೇಟಿನ ಕತ್ತಲಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. “ಜ್ವರಾ ಬಿಟ್ಟಾವೇನು? ಡಾಕ್ಟರ್ ಕಡಿ ಹೋಗಿ ಬಾ, ರೊಕ್ಕಾ ಹಾಕ್ತೀನಿ.” ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ, ನಿಮಗೂ ಗೊತ್ತು. ಹತ್ತಿರ ಹೋದೆ. ಅವರೇ.

“ಯಜಮಾನ್ರೇ, ಕನ್ನಡದವರಾ? ಯಾವೂರು?”

“ಯಾದಗಿರಿ ಕಡೆ ಅದಾವ್ರಿ ಸರ. ನೀವೂ ನಮ್ಮ ಮಂದಿ ಏನ್ರಿ?” ಎಂದು ಎದ್ದು ನಿಂತರು. ಬೆಳಗಿನ ಪಾಳಿಯಿಂದ ರಾತ್ರಿಗೆ ಯಾಕೆ ಬಂದಿರಿ ಎಂದು ಕೇಳಿದೆ. ಆಗ ಕಥೆ ಹೊರಬಂತು.

ಸ್ವಾತಂತ್ರ್ಯ ದಿನದ ಹಿಂದಿನ ವಾರ ಮಾಲಿ ಬೆಂಚಿನ ಕೆಳಗೆ ಒಂದು ಕರೀ ಡಬ್ಬಿ ನೋಡಿದನಂತೆ. ಒಳಗೆ ಕಾಗದ, ಅದರ ತುಂಬಾ ಇಂಗ್ಲಿಷ್ ಹೆಸರು, ತಾರೀಕು. ಪೊಲೀಸರು ಬಂದರು. ಇಷ್ಟು ದಿನ ನಿನ್ನ ಕಣ್ಣಿಗೆ ಬೀಳಲಿಲ್ಲವೇ, ಯಾರು ಬಂದು ಇಟ್ಟರು, ನಿನಗೆ ಎಷ್ಟು ಕೊಟ್ಟರು ಎಂದು ಸಂಜೆಯವರೆಗೆ ಚೌಕಿಯಲ್ಲಿ ಕೂರಿಸಿದರು. ಕಾಂಟ್ರಾಕ್ಟರ್ ಆ ದಿನದ ಹಾಜರಿ ಕತ್ತರಿಸಿ ರಾತ್ರಿ ಪಾಳಿಗೆ ಹಾಕಿದ. ಈ ಊರಿಗೆ ಭಯಪಡಲು ಕಾರಣವಿದೆ. 2010ರ ಫೆಬ್ರವರಿಯಲ್ಲಿ ಜರ್ಮನ್ ಬೇಕರಿ ಸ್ಫೋಟ, 2012ರ ಆಗಸ್ಟ್‌ನಲ್ಲಿ ಜಂಗಲೀ ಮಹಾರಾಜ್ ರಸ್ತೆಯ ಸ್ಫೋಟಗಳು. ಎರಡನೆಯದರ ಸುದ್ದಿಯನ್ನು ನಾನು ಹಿಲ್ಸ್‌ಬರೋದಲ್ಲಿ ಕೂತು ಓದಿದ್ದೆ. ಊರು ಅದನ್ನು ಅನುಭವಿಸಿತ್ತು.

“ಆ ಡಬ್ಬಿ ನಂದು” ಎಂದೆ.

ಅವರು ಬಹಳ ಹೊತ್ತು ನೋಡಿದರು. “ಏನಿತ್ರಿ ಅದ್ರಾಗ?”

“ಏನಿಲ್ಲ. ಹುಡುಕಿದವರು ಹೆಸರು ಬರೆಯೋದಕ್ಕೆ ಕಾಗದ. ಒಂದು ಆಟ.”

“ಖಾಲಿ ಹೆಸರಾ?” ಎಂದರು. ಆಮೇಲೆ, “ನಂದೂ ಹೆಸರು ಬರ್ಕೊಂಡಾರ್ರಿ ಚೌಕಿದಾಗ. ಅಪ್ಪನ ಹೆಸರು, ಊರು, ಎಲ್ಲಾ.”

ಚೌಕಿಗೆ ಬಂದು ಡಬ್ಬಿ ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಅವರು ಕೈ ಹಿಡಿದುಕೊಂಡರು. “ಬ್ಯಾಡ್ರಿ ಸರ. ಮತ್ತ ಎಬ್ಬಸಬ್ಯಾಡ್ರಿ. ನೀವು ಬರ್ದು ಮನಿಗಿ ಹೋಗ್ತೀರಿ, ನನ್ನ ಮತ್ತ ಕರೀತಾರ.” ಜೇಬಿನಿಂದ ಎರಡು ಐನೂರರ ನೋಟು ಕೊಟ್ಟೆ. ಒಂದು ತೆಗೆದುಕೊಂಡರು. “ಒಂದೇ ಹಾಜರಿ ಹೋಗಿದ್ದು” ಎಂದು ಇನ್ನೊಂದನ್ನು ತಿರುಗಿಸಿದರು.

ಈ ಪ್ರಸಂಗ ಕೇಳಿದ ಗೆಳೆಯರು ನನ್ನ ಪರವಾಗಿ ವಾದಿಸುತ್ತಾರೆ. ತಪ್ಪು ಕಾಂಟ್ರಾಕ್ಟರನದ್ದು, ಅನುಮಾನದ ಕಾಲದ್ದು, ಡಬ್ಬಿ ನಿರುಪದ್ರವಿ. ಭಾರತದ ಸಮಸ್ಯೆ ಎನ್ನುವವರೂ ಇದ್ದಾರೆ. ಹಾಗೇನಿಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಇಂಥದ್ದೇ ಒಂದು ಡಬ್ಬಿಯನ್ನು ಬಾಂಬ್ ನಿಷ್ಕ್ರಿಯ ದಳ ಬಂದು ಸ್ಫೋಟಿಸಿತ್ತು. ಅದನ್ನು ಆಗಲೇ ಓದಿ ನಕ್ಕಿದ್ದೆ. ಅಂದರೆ ಅಪಾಯ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನನ್ನ ಕೆಲಸದಲ್ಲಿ ರಿಸ್ಕ್ ರಿಜಿಸ್ಟರ್ ಎಂಬುದೊಂದಿದೆ. ಏನು ಕೆಡಬಹುದು, ಎಷ್ಟು ಸಂಭವ, ಎಷ್ಟು ನಷ್ಟ, ಒಡೆಯ ಯಾರು ಎಂದು ಬರೆಯುತ್ತೇವೆ. ಹದಿನೈದು ವರ್ಷ ತುಂಬಿದ್ದೇನೆ. ಬೆಂಚಿನ ಡಬ್ಬಿಗೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ: ಕಳೆದುಹೋದರೆ ಇಪ್ಪತ್ತು ರೂಪಾಯಿ. ಆಟದ ದಾಖಲೆಯಲ್ಲಿ ಡಬ್ಬಿಯ ಒಡೆಯ ನಾನು, ಅಪಾಯದ ಒಡೆಯ ಗೇಟಿನಲ್ಲಿ ಕೂತವರು. ಅವರಿಗೆ ಅದು ತಿಳಿಸಿಯೂ ಇರಲಿಲ್ಲ. ಒಂದು ವಸ್ತು ನಿರುಪದ್ರವಿ ಎಂದು ಹೇಳುವ ಹಕ್ಕು ಯಾರದ್ದು? ಇಟ್ಟವನದ್ದೋ, ಕೆಟ್ಟರೆ ಉತ್ತರ ಕೊಡಬೇಕಾದವನದ್ದೋ? ಎರಡನೆಯವನದ್ದೇ ಎಂದು ಈಗ ನನಗನಿಸುತ್ತದೆ. ನನ್ನ ಉದ್ದೇಶ ಒಳ್ಳೆಯದಿತ್ತು ಎಂಬುದು ನನಗೆ ಮಾತ್ರ ಗೊತ್ತಿದ್ದ ಸಂಗತಿ. ಚೌಕಿಯಲ್ಲಿ ಕೂತವರಿಗೆ ಅದರಿಂದ ಏನು ಉಪಯೋಗವಾಯಿತು?

ಗುಟ್ಟೇ ತಪ್ಪು ಎನ್ನುತ್ತಿಲ್ಲ. ಕಣ್ಣಾಮುಚ್ಚಾಲೆಯಲ್ಲೂ ಗುಟ್ಟಿದೆ. ಆದರೆ ಅಲ್ಲಿ ಅಡಗಿದವನಿಗೂ ಹುಡುಕುವವನಿಗೂ, ಜಗಲಿಯಲ್ಲಿ ಕೂತ ಅಜ್ಜಿಗೂ ಆಟ ನಡೆಯುತ್ತಿದೆ ಎಂದು ಗೊತ್ತು. ಇತರರ ಹಕ್ಕಿಗೆ ಸಂಬಂಧಿಸಿದ ಯಾವ ಕೆಲಸವನ್ನು ಬಹಿರಂಗವಾಗಿ ಹೇಳಿ ಮಾಡಲಾಗದೋ ಅದು ಅನ್ಯಾಯ ಎಂಬರ್ಥದ ಮಾತನ್ನು ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗೆಗಿನ ತನ್ನ ಪ್ರಬಂಧದಲ್ಲಿ ಹೇಳಿದ್ದಾನೆ. ಅವನು ಹೇಳಿದ್ದು ರಾಜ್ಯಗಳಿಗೆ. ಬೆಂಚಿಗೂ ಸಾಲುತ್ತದೆ. “ಯಜಮಾನ್ರೇ, ಇಲ್ಲೊಂದು ಡಬ್ಬಿ ಇಡ್ತೀನಿ, ಇದು ಹೀಗೆ” ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಬೇಡ ಎನ್ನುತ್ತಾರೆಂಬ ಅನುಮಾನವಿತ್ತು, ಅದಕ್ಕೇ ಹೇಳಲಿಲ್ಲ.

ನಮ್ಮೂರಲ್ಲಿ ಯಾವನಾದರೂ ಅರಳೀಕಟ್ಟೆಯ ಸಂದಿಯಲ್ಲಿ ಕೈಹಾಕಿದ್ದರೆ “ಯಾರ ಮನೆ ಹುಡುಗನಪ್ಪ?” ಎಂದು ಕೇಳುವವರಿದ್ದರು. ವಲಸೆ ಬಂದ ನಮಗೆ ಆ ಪ್ರಶ್ನೆಯಿಂದ ಬಿಡುಗಡೆ ಸಿಕ್ಕಿದೆ. ಅದನ್ನು ಸ್ವಾತಂತ್ರ್ಯ ಎಂದುಕೊಂಡಿದ್ದೇವೆ. ಅದೇ ವಲಸೆ ಬಂದ ಯಾದಗಿರಿಯವರಿಗೆ ಆ ಪ್ರಶ್ನೆ ಚೌಕಿಯಲ್ಲಿ ಎದುರಾಗುತ್ತದೆ. ಒಂದೇ ಊರಿಗೆ, ಒಂದೇ ಭಾಷೆ ಹೊತ್ತು ಬಂದಿದ್ದೇವೆ.

ಉಳಿದೆರಡು ಡಬ್ಬಿಗಳನ್ನು ಆ ಅಕ್ಟೋಬರ್‌ನಲ್ಲಿ ತೆಗೆದೆ. ಆಟದ ಮೇಲೆ ದ್ವೇಷವಿಲ್ಲ. ಅನುಮತಿ ಪಡೆದು, ಜನಕ್ಕೆ ತಿಳಿಸಿ ಆಡುವವರು ಬೇಕಾದಷ್ಟಿದ್ದಾರೆ. ಆರೆಗಾನ್‌ನ ಆ ಒದ್ದೆ ಕಾಗದಗಳಿಗೆ ನಾನು ಇಂದಿಗೂ ಋಣಿ. ಅದೇ ತರಹದ ಕಾಗದ ಇಲ್ಲಿ ಇನ್ನೊಬ್ಬರ ಒಂದು ದಿನ ತಿಂದಿತು ಎಂಬುದೂ ಅಷ್ಟೇ ನಿಜ.

ಈ ಬರಹದ ಬಗ್ಗೆ ಅವರಿಗೆ ಹೇಳಿದ್ದೇನೆ. ಈಗ ಅವರು ಬೇರೊಂದು ಕಡೆ ಹಗಲು ಪಾಳಿಯಲ್ಲಿದ್ದಾರೆ. ಹೆಸರು ಹಾಕಲೇ ಎಂದು ಕೇಳಿದೆ. “ಕಥಿ ಬರೀರಿ. ಹೆಸರು ಬ್ಯಾಡ್ರಿ” ಎಂದರು. ಹಾಕಿಲ್ಲ.